ಸ್ಪಾನ್ಸರ್ ಕಾಲಂನಲ್ಲಿ ಅಪ್ಪನ ಹೆಸರು

ನಾನು ವಾಯವ್ಯ ಸಾರಿಗೆಯಲ್ಲಿ ಕಂಡಕ್ಟರ್. ಗದಗ ಡಿಪೋ, ಹೆಚ್ಚಾಗಿ ಗದಗ–ಹುಬ್ಬಳ್ಳಿ ರೂಟು, ಮನೆ ಬೆಟಗೇರಿಯಲ್ಲಿ. ಮಗಳು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ತಿಂಗಳಿಗೆ 13,000 ರೂಪಾಯಿಗೆ ದುಡಿಯುತ್ತಿದ್ದಳು. ಈಗ ಜಪಾನಿನಲ್ಲಿ ವಿದ್ಯಾರ್ಥಿನಿ. ಅರ್ಧ ದಿನ ಭಾಷಾ ಶಾಲೆ, ಆಮೇಲೆ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ. ಎಷ್ಟು ರೊಕ್ಕ ಹೋಯಿತು, ಯಾರು ಕಳಿಸಿದರು, ನಮ್ಮ ಹುಡುಗನನ್ನೂ ಕಳಿಸಬಹುದೇನು ಎಂದು ಡಿಪೋದಲ್ಲಿ ಒಬ್ಬರಿಲ್ಲೊಬ್ಬರು ಹಿಡಿದು ನಿಲ್ಲಿಸುತ್ತಾರೆ. ಡ್ಯೂಟಿ ಹತ್ತುವ ಹೊತ್ತಿನಲ್ಲಿ ಅಷ್ಟೂ ಹೇಳಲಿಕ್ಕಾಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಜಪಾನ್ ಅವಳ ತಲೆಗೆ ಹೊಕ್ಕಿದ್ದು ಮೊಬೈಲಿನ ಒಂದು ಜಾಹೀರಾತಿನಿಂದ. ‘ಓದುತ್ತಾ ಗಳಿಸಿ, ಇಂಗ್ಲಿಷ್ ಪರೀಕ್ಷೆ ಬೇಡ, ಗ್ಯಾಪ್ ಇದ್ದರೂ ನಡೆಯುತ್ತದೆ.’ ಆಫೀಸು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. 2023ರ ಕೊನೆಗೆ ಒಂದು ವಾರದ ರಜೆಯ ದಿನ ಅವಳ ಜೊತೆ ನಾನೂ ಹೋದೆ. ಏಸಿ ರೂಮು, ಗೋಡೆ ತುಂಬ ಚೆರ್ರಿ ಹೂವು, ಟೈ ಕಟ್ಟಿದ ಹುಡುಗ. ಬಾಯಿ ತೆಗೆದರೆ ಅಂಕಲ್.

“ಅಂಕಲ್, ಅಲ್ಲಿ ಕೆಲಸಕ್ಕ ಮಂದೀನ ಇಲ್ಲ. ಎಲ್ಲಾ ಮುದುಕರು. ನಿಮ್ಮ ಮಗಳನ್ನ ಕೈಮುಗದು ಕರೀತಾರ.”

“ಅವರಿಗಷ್ಟು ಜರೂರ ಇದ್ರ ರೊಕ್ಕ ನಾವ್ಯಾಕ ಕೊಡಬೇಕಪಾ?” ಅಂದೆ.

“ಅದು ಪ್ರೊಸೆಸ್ ಅಂಕಲ್” ಅಂದ.

ಅವನು ಹೇಳಿದ ಮೊದಲ ಮಾತೇನೂ ಸುಳ್ಳಲ್ಲ. ಜಪಾನಿನಲ್ಲಿ ನೂರಕ್ಕೆ 29 ಮಂದಿ 65 ದಾಟಿದವರು. 2024ರಲ್ಲಿ ಆ ಇಡೀ ದೇಶದಲ್ಲಿ ಹುಟ್ಟಿದ ಜಪಾನಿ ಮಕ್ಕಳು ಏಳು ಲಕ್ಷವೂ ಆಗಲಿಲ್ಲ. 2040ರ ಹೊತ್ತಿಗೆ ವೃದ್ಧರ ಆರೈಕೆಗೆ 27.2 ಲಕ್ಷ ಕೆಲಸಗಾರರು ಬೇಕು, ಈಗಿರುವವರ ಮೇಲೆ ಇನ್ನೂ 5.7 ಲಕ್ಷ ಮಂದಿಯನ್ನು ಹೊಂದಿಸಬೇಕು ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಲೆಕ್ಕ ಹಾಕಿದೆ. 2033ರೊಳಗೆ ನಾಲ್ಕು ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವುದು ಸರ್ಕಾರದ ಗುರಿ. ಈಗಾಗಲೇ ಚೀನಾ, ನೇಪಾಳ, ವಿಯೆಟ್ನಾಂ ಮಕ್ಕಳು ಲಕ್ಷಗಟ್ಟಲೆ ಅಲ್ಲಿದ್ದಾರೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಅನುಮತಿ ಪಡೆದು ವಾರಕ್ಕೆ 28 ತಾಸು ಕೆಲಸ ಮಾಡಬಹುದು, ದೊಡ್ಡ ರಜೆಯಲ್ಲಿ ದಿನಕ್ಕೆ ಎಂಟು ತಾಸಿನವರೆಗೆ. ಅಂಗಡಿ, ಹೋಟೆಲ್ಲು, ಪಾರ್ಸಲ್ ಗೋದಾಮು, ಆರೈಕೆ ಕೇಂದ್ರ, ಎಲ್ಲ ಕಡೆ ಈ 28 ತಾಸಿನ ಮಂದಿ ಇದ್ದಾರಂತೆ. ಪುಸ್ತಕ ಹಿಡಿದು ಬಂದವರ ಹೆಗಲ ಮೇಲೆ ಅರ್ಧ ಕೆಲಸ ನಡೆದಿದೆ ಅನ್ನಿ.

ಆ ಹುಡುಗ ಕೊಟ್ಟ ಚೀಟಿಯಲ್ಲಿ ಭಾಷಾ ಶಾಲೆಯ ಫೀ ವರ್ಷಕ್ಕೆ ಎಂಟು ಲಕ್ಷ ಯೆನ್, ಅವರ ಸರ್ವಿಸ್ ಚಾರ್ಜ್ ಎರಡು ಲಕ್ಷ ರೂಪಾಯಿ, ವೀಸಾ ಖರ್ಚು 35,000. ಕೊನೆಯದು ನೆನಪಿರಲಿ, ಅದರ ಕಥೆ ಮುಂದೆ ಬರುತ್ತದೆ. “ತಿಂಗಳಿಗೆ ಒಂದೂವರೆ ಲಕ್ಷ ಗಳಸ್ತಾಳ, ಫೀ ಅದರಾಗ ಹರೀತೈತಿ” ಅಂದ.

ರೊಕ್ಕ ಎಣಿಸುವುದೇ ನನ್ನ ಹೊಟ್ಟೆಪಾಡು. ವಾಪಸ್ ಬರುವಾಗ ಅಣ್ಣಿಗೇರಿ ದಾಟುವುದರೊಳಗೆ ಹಳೇ ವೇಬಿಲ್ಲಿನ ಹಿಂಭಾಗದಲ್ಲಿ ಕೂಡಿ ಕಳೆದು ನೋಡಿದೆ. ಆಗ ಜಪಾನಿನ ಸರಾಸರಿ ಕನಿಷ್ಠ ಕೂಲಿ ತಾಸಿಗೆ 1,004 ಯೆನ್. ವಾರಕ್ಕೆ 28 ತಾಸು, ನಾಲ್ಕು ವಾರಕ್ಕೆ 112. ಒಟ್ಟು 1,12,000 ಯೆನ್ ಚಿಲ್ಲರೆ. ನೂರು ಯೆನ್ನಿಗೆ 57 ರೂಪಾಯಿ ಹಿಡಿದರೆ 64,000 ರೂಪಾಯಿ. ಖರ್ಚು ನೋಡಿ: ಫೀಯನ್ನು ತಿಂಗಳಿಗೆ ಹಂಚಿದರೆ 66,000 ಯೆನ್, ಪಾಲಿನ ರೂಮಿಗೆ 30,000, ಊಟಕ್ಕೆ ಮತ್ತೊಂದು 30,000, ಆರೋಗ್ಯ ವಿಮೆ, ರೈಲು, ಫೋನು ಸೇರಿ 12,000. ಪ್ರತಿ ತಿಂಗಳೂ 26,000 ಯೆನ್ ಖೋತಾ. ಇದು ಹುಡುಗಿ ಹೋದ ಮರುದಿನವೇ ಕೆಲಸ ಸಿಕ್ಕಿ, ಒಂದು ದಿನವೂ ಜ್ವರ ಬಾರದೆ ದುಡಿದರೆ.

ಈ ಖೋತಾ ಹೆಂಗ ತುಂಬ್ತಾರಪಾ ಎಂದು ಫೋನ್ ಹಚ್ಚಿ ಕೇಳಿದೆ. “ಇನ್ನೊಂದ್ ಕಡೆ ಕ್ಯಾಶ್ ಕೊಡೋ ಕೆಲಸ ಇರ್ತಾವ ಅಂಕಲ್, ಲೆಕ್ಕಕ್ಕ ಬರಂಗಿಲ್ಲ” ಅಂದ. ಎರಡು ಕಡೆ ಮಾಡಿದರೂ ಒಟ್ಟು 28 ತಾಸು ದಾಟುವ ಹಾಗಿಲ್ಲ. ದಾಟಿದ್ದು ಗೊತ್ತಾದರೆ ವೀಸಾ ಮುಂದುವರಿಯುವುದಿಲ್ಲ, ಮಗು ಅರ್ಧಕ್ಕೇ ಮನೆಗೆ. ಇಂಥ ಮಾತನ್ನು ನಗುನಗುತ್ತಾ ಹೇಳುವವನ ಮೇಲೆ ನನಗೆ ಸಿಟ್ಟು ಬಂತು.

ಅಲ್ಲಿಗೇ ಮುಗಿಯಲಿಲ್ಲ. ಸ್ಪಾನ್ಸರ್ ಅಂದರೆ ಖರ್ಚು ಹೊರುವವನು. ಅಪ್ಪನಾದ ನಾನು ಖಾತೆಯಲ್ಲಿ ಇಪ್ಪತ್ತು ಲಕ್ಷ ತೋರಿಸಬೇಕಂತೆ. ನನ್ನ ಖಾತೆಯಲ್ಲಿ ಪಗಾರ ಬಂದ ದಿನ ಬಿಟ್ಟರೆ ಐದಂಕಿ ನಿಲ್ಲುವುದೇ ಅಪರೂಪ. ಅದಕ್ಕೂ ಅವನಲ್ಲಿ ದಾರಿ ಇತ್ತು. ಯಾರೋ ಫೈನಾನ್ಸಿನವರು ಒಂದು ತಿಂಗಳ ಮಟ್ಟಿಗೆ ನನ್ನ ಖಾತೆಗೆ ರೊಕ್ಕ ಹಾಕುತ್ತಾರೆ, ನೂರಕ್ಕೆ ಮೂರರಂತೆ ಕಮಿಷನ್. ಜಪಾನಿನ ವಲಸೆ ಇಲಾಖೆ ಬರೀ ಬಾಕಿ ನೋಡುವುದಿಲ್ಲ, ಆ ರೊಕ್ಕ ಹೇಗೆ ಕೂಡುತ್ತಾ ಬಂತು ಅನ್ನುವ ಲೆಕ್ಕವನ್ನೂ ಕೇಳುತ್ತದೆ. ಕಂಡಕ್ಟರನ ಖಾತೆಗೆ ಒಂದೇ ದಿನ ಇಪ್ಪತ್ತು ಲಕ್ಷ ಬಿದ್ದರೆ ಗದಗದ ಬ್ಯಾಂಕಿನ ಜವಾನನೂ ಹುಬ್ಬೇರಿಸುತ್ತಾನೆ. ಆ ಆಫೀಸಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ತಾನೇ ಕೇಶ್ವಾಪುರದಲ್ಲಿ ಮನೆಯ ಮಾಡಿಯ ಮೇಲೆ ಜಪಾನಿ ಭಾಷೆ ಕಲಿಸುವ ಮೇಡಂ ಒಬ್ಬರನ್ನು ಹುಡುಕಿಕೊಂಡಳು. ಗಂಡನ ನೌಕರಿಗಾಗಿ ಬಹಳ ವರ್ಷ ಅಲ್ಲಿದ್ದು ಬಂದವರು. ಬೆಳಗಿನ ಪಾಳಿ ಮುಗಿಸಿ ಸಂಜೆ ಕ್ಲಾಸಿಗೆ ಹೋಗುತ್ತಿದ್ದಳು. ವಾಕ್ಯದ ಕೊನೆಗೆ ಕ್ರಿಯಾಪದ, ಹೆಸರಿನ ನಂತರ ವಿಭಕ್ತಿ, ನಮ್ಮ ಹಾಗೇ ಇರುವುದರಿಂದ ಮಾತು ಬೇಗ ಕೂಡಿತು. ಅಕ್ಷರ ಮಾತ್ರ ಪ್ರಾಣ ತಿಂದಿತು. ಮನೆಗೆ ಬಂದಾಗ ಹಿಟ್ಟಿನ ಡಬ್ಬಿ, ಉಪ್ಪಿನ ಡಬ್ಬಿ, ಫ್ರಿಜ್ಜು, ಎಲ್ಲದರ ಮೇಲೂ ಚೀಟಿ ಅಂಟಿಸಿದ್ದಳು. 2024ರ ಜುಲೈನಲ್ಲಿ ಬೆಂಗಳೂರಿಗೆ ಹೋಗಿ ಎನ್5 ಬರೆದು ಪಾಸಾದಳು. ಜಪಾನಿ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಅದೇ ಮೊದಲ ಮೆಟ್ಟಿಲು. ನಮ್ಮ ದೇಶದಲ್ಲಿ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ.

ಮೇಡಂ ಹತ್ತಿರ ಒಮ್ಮೆ ನಾನೂ ಹೋಗಿ ಕೂತೆ. ಅವರು ಚಹಾ ಕೊಟ್ಟು ಬಿಡಿಸಿ ಹೇಳಿದ್ದನ್ನು ಯಾವ ಜಾಹೀರಾತಿನಲ್ಲೂ ನಾನು ಓದಿರಲಿಲ್ಲ. ಮುದುಕರ ಆರೈಕೆ ಅನ್ನುವ ಒಂದೇ ಕೆಲಸಕ್ಕೆ ಜಪಾನಿಗೆ ಹೋಗುವ ಬಾಗಿಲು ಹಲವು. ಒಂದು, 2019ರ ಏಪ್ರಿಲ್‌ನಲ್ಲಿ ಶುರುವಾದ ‘ನಿರ್ದಿಷ್ಟ ಕೌಶಲ್ಯ’ ವೀಸಾ. 2021ರ ಜನವರಿಯಲ್ಲಿ ಭಾರತವೂ ಅದಕ್ಕೆ ಸಹಿ ಹಾಕಿದೆ. ಭಾಷೆಯಲ್ಲಿ ಎನ್4 ಮಟ್ಟ, ಜೊತೆಗೆ ಆರೈಕೆಯ ಪರೀಕ್ಷೆಗಳು ಪಾಸಾದರೆ ಸೀದಾ ಕೆಲಸಗಾರಳಾಗಿ ಹೋಗಬಹುದು, ಪೂರಾ ಪಗಾರ. ಮೊದಲ ಹಂತದಲ್ಲಿ ಐದು ವರ್ಷದ ಮಿತಿ, ಮನೆಯವರನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಮತ್ತೊಂದು ವಿದ್ಯಾರ್ಥಿಯ ಬಾಗಿಲು: ಭಾಷೆ ಕಲಿತು, ಆರೈಕೆಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ಸರ್ಕಾರದ ಪ್ರಮಾಣಿತ ಆರೈಕೆಗಾರಳಾದರೆ 2017ರಲ್ಲಿ ಬಂದ ‘ಆರೈಕೆ’ ವೀಸಾ ಸಿಗುತ್ತದೆ. ಅದನ್ನು ನವೀಕರಿಸುತ್ತಾ ಇರಬಹುದು, ಗಂಡ ಮಕ್ಕಳೂ ಹೋಗಬಹುದು. ನಮ್ಮ ಜಿಎನ್‌ಎಂ ಇಟ್ಟುಕೊಂಡು ಅಲ್ಲಿ ಸೀದಾ ನರ್ಸ್ ಆಗಲಿಕ್ಕಾಗುವುದಿಲ್ಲ. ಅದನ್ನು ಕೇಳಿ ಮಗಳ ಮುಖ ಸಣ್ಣದಾಯಿತು.

“ಕೆಲಸಗಾರ ಅಂತ ಕಳಸೋ ಏಜೆಂಟ್‌ಗೆ ನಮ್ಮ ಸರ್ಕಾರದ ಲೈಸೆನ್ಸ್ ಬೇಕ್ರಿ. 1983ರ ವಲಸೆ ಕಾಯ್ದೆ. ಹೋಗೋರ ಕಡೆಯಿಂದ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕಿಂತ ಹೆಚ್ಚ ತೊಗೊಳ್ಳೋ ಹಂಗಿಲ್ಲ. ಇ-ಮೈಗ್ರೇಟ್ ಅಂತ ವೆಬ್‌ಸೈಟ್ ಐತಿ, ಲೈಸೆನ್ಸ್ ಐತೋ ಇಲ್ಲೋ ಅಲ್ಲೇ ನೋಡಬಹುದು” ಅಂದರು.

“ಮತ್ತ ವಿದ್ಯಾನಗರದಾಂವ ಎರಡು ಲಕ್ಷ ಕೇಳಿದ್ನಲ್ರಿ?”

“ಅಂವ ವಿದ್ಯಾರ್ಥಿ ಕಳಸ್ತಾನ್ರಿ. ಆ ಕಾಯ್ದೆ ಇರೋದು ನೌಕರಿಗೆ ಹೋಗೋರಿಗೆ.”

ಅಲ್ಲಿ ನನಗೆ ಇಡೀ ವ್ಯಾಪಾರ ತಿಳಿಯಿತು. ಅದೇ ಹುಡುಗಿ, ಅದೇ ಮುದುಕಿಯ ಹಾಸಿಗೆಯ ಪಕ್ಕ ನಿಲ್ಲುತ್ತಾಳೆ. ಕೆಲಸಗಾರಳು ಎಂದು ಬರೆದರೆ ಏಜೆಂಟನ ಕೈಗೆ ಕಾನೂನಿನ ಕಟ್ಟು ಬೀಳುತ್ತದೆ. ವಿದ್ಯಾರ್ಥಿ ಎಂದು ಬರೆದರೆ ಫೀ, ಕಮಿಷನ್, ಖೋತಾ ಎಲ್ಲ ಅಪ್ಪನ ತಲೆಗೆ. ಕೆಲಸಕ್ಕೆ ಮಂದಿ ಬೇಕಾಗಿರುವುದು ಅವರಿಗೆ, ಕರೆಸುವ ಖರ್ಚು ಬೆಟಗೇರಿಯವರದು. ಡಿಪೋದಲ್ಲಿ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಿಮ್ಮ ಹುಡುಗ ಯಾವ ಹೆಸರಿನಲ್ಲಿ ಹೋಗುತ್ತಾನೆ, ಅಲ್ಲಿ ದುಡಿಸಿಕೊಳ್ಳುವವರು ಒಂದು ಪೈಸೆಯಾದರೂ ಹಾಕುತ್ತಾರೋ ಇಲ್ಲವೋ ಕೇಳಿಕೊಳ್ಳಿ.

ದುಡಿಸಿಕೊಳ್ಳುವವರೇ ಓದಿನ ಖರ್ಚು ಹೊರುವ ದಾರಿಯೂ ಇತ್ತು. ಆರೈಕೆ ಕಾಲೇಜಿಗೆ ಸೇರಿದವರಿಗೆ ಅಲ್ಲಿನ ಪ್ರಾಂತ್ಯಗಳಲ್ಲಿ ಒಂದು ಸಾಲ ಯೋಜನೆ ಇದೆ. ತಿಂಗಳಿಗೆ 50,000 ಯೆನ್‌ವರೆಗೆ, ಸೇರುವಾಗ ಎರಡು ಲಕ್ಷ, ಮುಗಿಸಿ ಕೆಲಸಕ್ಕೆ ಹತ್ತುವಾಗ ಎರಡು ಲಕ್ಷ. ಐದು ವರ್ಷ ಅದೇ ಪ್ರಾಂತ್ಯದಲ್ಲಿ ಆರೈಕೆ ಕೆಲಸ ಮಾಡಿದರೆ ಸಾಲ ಮಾಫಿ. ಜಾಮೀನಿಗೆ ಕೆಲವು ಕಡೆ ಆರೈಕೆ ಕೇಂದ್ರದವರೇ ನಿಲ್ಲುತ್ತಾರೆ, ಅದಕ್ಕೂ ಮುಂಚಿನ ಭಾಷಾ ಶಾಲೆಯ ಫೀಯನ್ನೂ ತಾವೇ ಕಟ್ಟುತ್ತಾರೆ. ಮೇಡಂಗೆ ಅಂಥದ್ದೊಂದು ಕೇಂದ್ರದ ಪರಿಚಯವಿತ್ತು, ಗಿಫು ಪ್ರಾಂತ್ಯದ ಸಣ್ಣ ಊರಿನಲ್ಲಿ.

ಸೆಪ್ಟೆಂಬರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಸಂದರ್ಶನ. ಅಪ್ಪ ಅಮ್ಮ ಇಬ್ಬರೂ ಇರಬೇಕು ಎಂದು ಹೇಳಿ ಕಳಿಸಿದ್ದರು. ನಾನು ಖಾಕಿ ಬಿಚ್ಚಿ ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟೆ. ಮಗಳಿಗೆ ಒಂದಿಷ್ಟು ಕೇಳಿದ ಮೇಲೆ ಮ್ಯಾನೇಜರ್ ನನ್ನ ಕಡೆ ತಿರುಗಿ, ಈ ಕೆಲಸದಲ್ಲಿ ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು ಎಲ್ಲ ಇರುತ್ತದೆ, ಗೊತ್ತಿದೆಯೇ ಎಂದು ಕೇಳಿದರು. “ಗೊತ್ತೈತ್ರಿ, ನರ್ಸಿಂಗಿಗೆ ಹಚ್ಚಿದಾಗಲೇ ಗೊತ್ತಿತ್ತು” ಅಂದೆ. ಮೇಡಂ ಅದನ್ನು ಜಪಾನಿಯಲ್ಲಿ ಹೇಳಿದಾಗ ನನ್ನ ಒಂದು ಸಾಲು ನಾಲ್ಕು ಸಾಲಾಯಿತು, ಏನು ಸೇರಿಸಿದರೋ. ನನ್ನ ಹೆಂಡತಿ ಅಲ್ಲಿಯವರೆಗೆ ಸೆರಗು ಸರಿಮಾಡಿಕೊಳ್ಳುತ್ತಾ ಸುಮ್ಮನಿದ್ದವಳು, “ರಾತ್ರಿ ಪಾಳಿಗೆ ಒಬ್ಬಾಕಿನ್ನ ಬಿಡ್ತಾರೇನು ಕೇಳ್ರಿ” ಅಂದಳು. ವಿದ್ಯಾರ್ಥಿಯಾಗಿ ಇರುವವರೆಗೆ ರಾತ್ರಿ ಪಾಳಿ ಇಲ್ಲ ಎಂದು ಉತ್ತರ ಬಂತು. ಅದನ್ನು ಬರೆದು ಕೊಡಿ ಎಂದು ಮೇಡಂ ಕೇಳಿಯೇಬಿಟ್ಟರು. ಒಪ್ಪಂದದಲ್ಲಿ ಆ ಸಾಲು ಬಂದಿದೆ.

ಸಂದರ್ಶನಕ್ಕೆ ಮೊದಲು ಮಗಳು ನನ್ನ ಮೇಲೆ ಅಭ್ಯಾಸ ಮಾಡಿದ್ದನ್ನು ಹೇಳಬೇಕು. ಮಂಚದಿಂದ ಕುರ್ಚಿಗೆ ಕೂಡಿಸುವ ಪಾಠ. ನಾನು 82 ಕಿಲೋ ಆಸಾಮಿ. ಮುಟ್ಟುವ ಮುಂಚೆ ಪ್ರತಿ ಸಲ ಬಾಯಿಬಿಟ್ಟು ಹೇಳಬೇಕಂತೆ: ಈಗ ಕೈ ಹಿಡೀತೀನಿ, ಈಗ ಎಬ್ಬಸ್ತೀನಿ, ಈಗ ತಿರುಗಸ್ತೀನಿ. ಹೇಳದೆ ಮುಟ್ಟಿದರೆ ಪಾಠ ಮೊದಲಿನಿಂದ. ನನ್ನ ಮೊಣಕಾಲ ನಡುವೆ ತನ್ನ ಕಾಲಿಟ್ಟು, ನನ್ನನ್ನು ಮುಂದಕ್ಕೆ ಬಾಗಿಸಿ ಎತ್ತಿದಾಗ ಈ ಸಣಕಲು ಹುಡುಗಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಅನಿಸಿತು. ಶಕ್ತಿ ಅಲ್ಲಪ್ಪಾ, ಬಾಗೋ ರೀತಿ ಅಂದಳು. ನಮ್ಮ ಆಸ್ಪತ್ರೆಗಳಲ್ಲಿ ಪೇಶಂಟನ್ನು ಮೂಟೆ ಎಳೆದಂತೆ ಎಳೆಯುವುದನ್ನು ನೋಡಿದ್ದೇನೆ. ಇದನ್ನು ಇಲ್ಲಿಯೂ ಕಲಿಸಬಾರದೇ?

ಇನ್ನು ಕಾಗದದ ಪುರಾಣ. ಶಾಲೆಯ ಫೀ ಆರೈಕೆ ಕೇಂದ್ರದವರದಾದರೂ ಮೊದಲ ತಿಂಗಳುಗಳ ಜೀವನದ ಖರ್ಚಿಗೆ ಸ್ಪಾನ್ಸರ್ ನಾನೇ. ಡಿಪೋದಿಂದ ನೌಕರಿಯ ಪತ್ರ, ಮೂರು ವರ್ಷದ ಪಗಾರದ ಲೆಕ್ಕ, ಆದಾಯ ತೆರಿಗೆಯ ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್, ನಾನು ಅವಳ ಅಪ್ಪ ಎನ್ನುವುದಕ್ಕೆ ಜನನ ಪ್ರಮಾಣಪತ್ರ. ಎಡವಿದ್ದು ಇಲ್ಲಿ. ಅವಳ ಜನನ ಪತ್ರದಲ್ಲಿ ತಂದೆ ಈರಪ್ಪ. ನನ್ನ ಆಧಾರಿನಲ್ಲಿ ವೀರಪ್ಪ. ಸರ್ವಿಸ್ ಪುಸ್ತಕದಲ್ಲಿ ಅಜ್ಜನ ಹೆಸರೂ ಸೇರಿಸಿಕೊಂಡು ಮತ್ತೊಂದು ರೂಪ. ನಮ್ಮ ಕಡೆ ಈರಪ್ಪ, ವೀರಪ್ಪ ಒಂದೇ ಎಂದು ಗದಗಿನ ಯಾವ ಗುಮಾಸ್ತನಿಗೂ ಹೇಳಬೇಕಾಗಿಲ್ಲ. ಜಪಾನಿನ ಅಧಿಕಾರಿಗೆ ಇಬ್ಬರು ಬೇರೆ ಬೇರೆ ಗಂಡಸರು. ಕೋರ್ಟಿನ ಆವರಣದಲ್ಲಿ ಛಾಪಾ ಕಾಗದದ ಮೇಲೆ ಅಫಿಡವಿಟ್ಟು, ನಾಡಕಚೇರಿಯಿಂದ ವಂಶಾವಳಿ, ಎಲ್ಲದಕ್ಕೂ ಇಂಗ್ಲಿಷ್ ಅನುವಾದ, ಅದರಿಂದ ಜಪಾನಿಗೆ. ನಾಡಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಹುಡುಗ, “ಯಾಕ್ರೀ ಹೊಲ ಪಾಲಾಗೂದೈತೇನು?” ಎಂದು ಕೇಳಿದ. ವಂಶಾವಳಿ ಕೇಳಿ ಬರುವವರು ಅದಕ್ಕೇ ತಾನೇ. ಪಾಸ್‌ಪೋರ್ಟ್ ಕೆಲಸ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತಕರಾರಿಲ್ಲದೆ ಆಯಿತು.

ಏಪ್ರಿಲ್‌ನಲ್ಲಿ ಶಾಲೆ ಸೇರಬೇಕಾದರೆ ಹಿಂದಿನ ನವೆಂಬರಿಗೇ ಕಾಗದ ಜಪಾನಿನಲ್ಲಿರಬೇಕು. ಅರ್ಜಿ ಹಾಕುವುದು ನಾವಲ್ಲ, ಶಾಲೆಯವರೇ ಅಲ್ಲಿನ ವಲಸೆ ಇಲಾಖೆಗೆ ಹಾಕುತ್ತಾರೆ. ಒಪ್ಪಿದರೆ ಅರ್ಹತಾ ಪತ್ರ ಬರುತ್ತದೆ. ಎಲ್ಲರೂ ಸಿಒಇ ಅನ್ನುತ್ತಾರೆ. ಅದು ಬರುವವರೆಗೆ ಟಿಕೆಟ್ಟೂ ಇಲ್ಲ, ಆಸ್ಪತ್ರೆಗೆ ರಾಜೀನಾಮೆಯೂ ಇಲ್ಲ. ಈ ನಡುವೆ ಡಿಸೆಂಬರಿನಲ್ಲಿ ಎನ್4 ಬರೆದಳು. ಫೆಬ್ರವರಿ ಕೊನೆಗೆ ಮೇಲ್‌ನಲ್ಲಿ ಸಿಒಇ ಬಂತು. ಅದನ್ನು ಹಿಡಿದು ನಮ್ಮದೇ ಸಂಸ್ಥೆಯ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ವೀಸಾ ಅರ್ಜಿ ಕೊಟ್ಟೆವು. ಭಾರತೀಯರಿಗೆ ಜಪಾನಿನ ವೀಸಾ ಶುಲ್ಕ ಆಗ ಐನೂರು ರೂಪಾಯಿಯ ಆಸುಪಾಸು, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ವಿದ್ಯಾನಗರದ ಚೀಟಿಯಲ್ಲಿ ಅದಕ್ಕೆ 35,000 ಇತ್ತಲ್ಲ!

ನಮ್ಮ ಕೈಯಿಂದ ಹೋದದ್ದು ಮೇಡಂ ಫೀ, ಪರೀಕ್ಷೆ, ಅನುವಾದ, ವಿಮಾನ, ಚಳಿಬಟ್ಟೆ, ಮೊದಲ ತಿಂಗಳುಗಳಿಗೆಂದು ಕೊಟ್ಟ ಯೆನ್. ನೌಕರರ ಪತ್ತಿನ ಸಂಘದಿಂದ ಎರಡೂವರೆ ಲಕ್ಷ ಸಾಲ ತೆಗೆದೆ. ಕಂತು ಪಗಾರದಲ್ಲಿ ಮುರಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೂ ಕೇಳಿ ನೋಡಿದ್ದೆ. ಭಾಷಾ ಶಾಲೆ ಡಿಗ್ರಿಯೂ ಅಲ್ಲ ಡಿಪ್ಲೊಮಾವೂ ಅಲ್ಲ ಎಂದು ಮ್ಯಾನೇಜರ್ ಫೈಲು ತೆರೆಯಲೇ ಇಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಿದ್ದು ನಾನು. ನಡುವೆ ಬಿಟ್ಟು ಬಂದರೆ ದಂಡ ಎಷ್ಟು ಎಂದು ಹುಡುಕಿದೆ. ದಂಡ ಎಂಬ ಮಾತು ಎಲ್ಲೂ ಇರಲಿಲ್ಲ. ಕೆಲಸ ಬಿಟ್ಟರೆ ಇಷ್ಟು ದಂಡ ಎಂದು ಮೊದಲೇ ಗೊತ್ತುಮಾಡುವುದನ್ನು ಅಲ್ಲಿನ ಕಾರ್ಮಿಕ ಕಾನೂನಿನ 16ನೇ ಕಲಮು ನಿಷೇಧಿಸುತ್ತದೆ ಎಂದು ಮೇಡಂ ಹೇಳಿದರು. ಹಾಗಾಗಿ ಎಲ್ಲವೂ ಸಾಲದ ಲೆಕ್ಕದಲ್ಲಿರುತ್ತದೆ. ದುಡಿದರೆ ಮಾಫಿ, ಬಿಟ್ಟರೆ ತೀರಿಸಬೇಕು. ಕಾಲೇಜಿನ ಎರಡು ವರ್ಷದ ಸಾಲವೇ 16 ಲಕ್ಷ ಯೆನ್, ಅಂದರೆ ಒಂಬತ್ತು ಲಕ್ಷ ರೂಪಾಯಿ ಹತ್ತಿರ. ಭಾಷಾ ಶಾಲೆಯ ಫೀ ಬೇರೆ. ಭಾಷೆಗೆ ಒಂದು, ಕಾಲೇಜಿಗೆ ಎರಡು, ಕೆಲಸಕ್ಕೆ ಐದು, ಒಟ್ಟು ಎಂಟು ವರ್ಷ. ಅವಳಿಗೀಗ 23. ಮದುವೆಯ ಮಾತೆತ್ತಿದ ಬೀಗರ ಕಡೆಯವರಿಗೆ ಈ ಲೆಕ್ಕ ಹೇಳಿದೆ, ಅವರು ಮತ್ತೆ ಬರಲಿಲ್ಲ. ಅದರಿಂದ ನನಗೇನೂ ಬೇಜಾರಿಲ್ಲ, ಹೆಂಡತಿಗೆ ಇದೆ.

ಮಗಳು ಹೋಗಿದ್ದು 2025ರ ಏಪ್ರಿಲ್‌ನಲ್ಲಿ. ಮೊದಲೆರಡು ತಿಂಗಳು ಫೋನಿನಲ್ಲಿ ಬರೀ ಊಟದ ಮಾತು. ರೊಟ್ಟಿ ಹಿಟ್ಟು ಸಿಗುವುದಿಲ್ಲ, ಶೇಂಗಾ ಚಟ್ನಿ ಮುಗಿಯಿತು. ಈಗ ಕೆಲಸದ ಮಾತು ಬರುತ್ತದೆ. ಅವಳ ಪಾಲಿಗೆ ಬಂದ ಅಜ್ಜಿಯೊಬ್ಬರಿಗೆ 97 ವರ್ಷವಂತೆ. ದಿನಾ ಇವಳ ಹೆಸರು ಕೇಳುತ್ತಾರೆ, ದಿನಾ ಹೊಸದಾಗಿ ಪರಿಚಯ. 28 ತಾಸನ್ನು ಕೇಂದ್ರದವರೇ ನಿಮಿಷದ ಲೆಕ್ಕದಲ್ಲಿ ಬರೆದಿಡುತ್ತಾರೆ. ಎಲ್ಲ ಖರ್ಚು ಕಳೆದು ತಿಂಗಳಿಗೆ ಇಪ್ಪತ್ತು ಸಾವಿರ ಯೆನ್ ಉಳಿದರೆ ಹೆಚ್ಚು. ಬೆನ್ನು ನೋವಿನ ಮಾತು ಅಮ್ಮನ ಹತ್ತಿರ ಮಾತ್ರ ಹೇಳುತ್ತಾಳೆ, ನನಗೆ ಆ ದಾರಿಯಿಂದ ಗೊತ್ತಾಗುತ್ತದೆ.

2025ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ಟೋಕಿಯೊಗೆ ಹೋದಾಗ ಐದು ವರ್ಷದಲ್ಲಿ ಎರಡೂ ದೇಶಗಳ ನಡುವೆ ಐದು ಲಕ್ಷ ಮಂದಿಯ ಓಡಾಟ, ಅದರಲ್ಲಿ ಭಾರತದಿಂದ 50,000 ಕುಶಲ ಕೆಲಸಗಾರರು ಎಂದು ಘೋಷಣೆಯಾಯಿತು. ಸ್ವಲ್ಪ ದಿನಕ್ಕೇ ಹುಬ್ಬಳ್ಳಿಯ ಹೊಸೂರಿನ ಬಸ್ ನಿಲ್ದಾಣದ ಹತ್ತಿರ ಹೊಸ ಬ್ಯಾನರು ಕಂಡವು. ನಮ್ಮ ಡಿಪೋದ ಡ್ರೈವರ್ ಒಬ್ಬರು ಅದರ ಫೋಟೊ ತೆಗೆದುಕೊಂಡು ಬಂದು ತೋರಿಸಿದರು. ಮಗ ಐಟಿಐ ಫಿಟ್ಟರ್. ಅವನನ್ನು ವಿದ್ಯಾರ್ಥಿ ಅಂತ ಕಳಿಸುತ್ತೇವೆ ಅಂದಿದ್ದಾರಂತೆ, ಮುಂಗಡ ಒಂದು ಲಕ್ಷ. ಫಿಟ್ಟರ್‌ಗೆ ಕೆಲಸಗಾರನ ಬಾಗಿಲೇ ಇರುವಾಗ ಭಾಷಾ ಶಾಲೆಯ ಫೀ ಯಾಕೆ ಕಟ್ಟಬೇಕು ಎಂದೆ. ಇ-ಮೈಗ್ರೇಟ್‌ನಲ್ಲಿ ಹುಡುಕಿ ನೋಡಿದರೆ ಆ ಹೆಸರಿನ ಲೈಸೆನ್ಸೇ ಇಲ್ಲ. ಮುಂಗಡ ಕೊಡುವುದನ್ನು ಅವರು ಸದ್ಯ ನಿಲ್ಲಿಸಿದ್ದಾರೆ, ಹುಡುಗನನ್ನು ಕೇಶ್ವಾಪುರದ ಕ್ಲಾಸಿಗೆ ಹಚ್ಚಿದ್ದಾರೆ.

ಮಗಳಿಗೆ ಡಿಸೆಂಬರಿನಲ್ಲಿ ಎನ್3 ಪರೀಕ್ಷೆ, ಆಮೇಲೆ ಆರೈಕೆ ಕಾಲೇಜಿನ ಪ್ರವೇಶ ಪರೀಕ್ಷೆ. ಅದಕ್ಕೆ ಮತ್ತೆ ಸ್ಪಾನ್ಸರನ ಹೊಸ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕಂತೆ. ಸೋಮವಾರ ಪಾಳಿ ಮಧ್ಯಾಹ್ನದ್ದು. ಬೆಳಿಗ್ಗೆಯೇ ಬ್ಯಾಂಕಿಗೆ ಹೋಗಿ ಸೀಲು ಹೊಡೆಸಿಕೊಂಡು ಬರಬೇಕು.